ಹಾಸುಹೊಕ್ಕಿನ ದ್ವೀಪ: ಕಂಬೈನಲ್ಲೂರು ಸೀಮೆಯ ಉಡುಗೆ

ಹಳಗನ್ನಡದಲ್ಲಿ ‘ಬಟ್ಟೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಉಡುವುದೂ ಬಟ್ಟೆ, ನಡೆಯುವ ದಾರಿಯೂ ಬಟ್ಟೆ. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳ ಚರಿತ್ರೆಯನ್ನು ಅರಿಯಬೇಕೆಂದು ಹೊರಟವರಿಗೆ ಈ ಎರಡು ಅರ್ಥಗಳೂ ಒಂದೇ ಆಗಿ ತೋರುತ್ತವೆ. ಅಲ್ಲಿ ಉಡುವ ಬಟ್ಟೆಯ ಜಾಡು ಹಿಡಿದು ಹೋದರೆ ಜನ ನಡೆದು ಬಂದ ದಾರಿ ಸಿಕ್ಕುತ್ತದೆ.

ಚೆನ್ನೈನಿಂದ ಜೋಲಾರಪೇಟೆಯನ್ನು ದಾಟಿ ಸೇಲಂ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಮೊರಪ್ಪೂರು ಒಂದು ನಿಲ್ದಾಣ. ಒಂದು ಕಾಲಕ್ಕೆ ಇದು ಕವಲುದಾರಿಯಾಗಿತ್ತು. 1906ರಲ್ಲಿ ಇಲ್ಲಿಂದ ಧರ್ಮಪುರಿಗೆ ಕಿರುಹಳಿಯ ರೈಲು ಆರಂಭವಾಯಿತು, 1913ರಲ್ಲಿ ಅದು ಹೊಸೂರಿನವರೆಗೆ ಬೆಳೆಯಿತು, 1941ರಲ್ಲಿ ನಿಂತುಹೋಯಿತು. ತಮಿಳು ಸೀಮೆಯ ಒಳನಾಡನ್ನು ಮೈಸೂರು ಸಂಸ್ಥಾನದ ಅಂಚಿಗೆ ಮುಟ್ಟಿಸುತ್ತಿದ್ದ ಆ ಹಳಿ ಈಗ ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿದೆ. ಮೊರಪ್ಪೂರಿನಲ್ಲಿ ಇಳಿದು ರಸ್ತೆ ಹಿಡಿದರೆ ತೆಂಗು, ಮಾವು, ಮರಗೆಣಸಿನ ಹೊಲಗಳ ನಡುವೆ ಹಾದು ಕಂಬೈನಲ್ಲೂರನ್ನು ತಲುಪಬಹುದು. ಧರ್ಮಪುರಿ ಜಿಲ್ಲೆಯ ಒಂದು ಪಟ್ಟಣ ಪಂಚಾಯಿತಿ ಅದು; ಹೊಳೆ, ಬಸ್ ನಿಲ್ದಾಣ, ಸಂತೆ, ಹಳೆಯ ಶಿವಾಲಯ ಎಲ್ಲವೂ ಅಲ್ಲಿವೆ.

ಊರಿನ ಹೆಸರನ್ನೇ ಹೊತ್ತ ಕಂಬೈನಲ್ಲೂರು ಹೊಳೆ ತೆಂಪೆಣ್ಣೈ ನದಿಯನ್ನು ಸೇರುತ್ತದೆ. ತೆಂಪೆಣ್ಣೈ ಎಂದರೆ ಕನ್ನಡಿಗರ ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸೂರು, ಕೃಷ್ಣಗಿರಿಗಳನ್ನು ಹಾದು, ಧರ್ಮಪುರಿ ಜಿಲ್ಲೆಯಲ್ಲಿ ಹರಿದು, ಕಡಲೂರಿನ ಬಳಿ ಸಮುದ್ರವನ್ನು ಕೂಡುವ ನದಿ ಅದು. ನದಿಯ ಹೆಸರು ಗಡಿಯಲ್ಲಿ ಬದಲಾಗುತ್ತದೆ, ನೀರು ಬದಲಾಗುವುದಿಲ್ಲ. ಈ ನದಿಯ ಬಯಲಿನಲ್ಲಿ ನೆಲೆಸಿದ ಕನ್ನಡ ಮನೆಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ ಇದೆ. ರಾಗಿಯ ಮುದ್ದೆಯನ್ನು ನೆರೆಮನೆಯವರು ‘ಕಳಿ’ ಎನ್ನುತ್ತಾರೆ. ತಟ್ಟೆಯಲ್ಲಿರುವುದು ಒಂದೇ ಹಿಟ್ಟು.

ಸಂತೆಯ ದಿನ ಇಂತಹ ಊರಿನ ಬೀದಿಯಲ್ಲಿ ನಿಂತು ನೋಡಿದರೆ ಉಡುಗೆಯಿಂದ ಯಾರ ಮನೆಮಾತು ಯಾವುದೆಂದು ಹೇಳಲು ಬಾರದು. ಗಂಡಸರು ಬಿಳಿಯ ಪಂಚೆ ಉಟ್ಟಿರುತ್ತಾರೆ. ಅಂಚಿನ ಬಣ್ಣ ನೋಡಿದರೆ ಅವರ ರಾಜಕೀಯ ಪಕ್ಷ ತಿಳಿಯಬಹುದು, ಭಾಷೆ ತಿಳಿಯದು. ಹೆಂಗಸರು ನೂಲಿನ ಸೀರೆಗಿಂತ ಹೆಚ್ಚಾಗಿ ಒಗೆಯಲು ಸುಲಭವಾದ ಕೃತಕ ನೂಲಿನ ಸೀರೆಗಳನ್ನು ಉಡುತ್ತಾರೆ. ಶಾಲೆಯ ಹುಡುಗಿಯರದು ಎಲ್ಲೆಡೆಯಂತೆ ಸಮವಸ್ತ್ರ. ಕನ್ನಡ, ತಮಿಳು, ತೆಲುಗು ಮೂರೂ ಮನೆಮಾತುಗಳ ಜನ ಒಂದೇ ಅಂಗಡಿಯಿಂದ ಬಟ್ಟೆ ಕೊಳ್ಳುತ್ತಾರೆ. ಹಾಗಾದರೆ ಈ ಸೀಮೆಯ ಕನ್ನಡಿಗರಿಗೆ ತಮ್ಮದೆಂಬ ಉಡುಗೆ ಉಂಟೇ? ಉಂಟಾದರೆ ಅದು ಎಲ್ಲಿ ಉಳಿದಿದೆ?

ದ್ವೀಪದ ಉಡುಗೆ

ಉತ್ತರ ಯುರೋಪಿನ ಎಸ್ಟೋನಿಯಾ ದೇಶಕ್ಕೆ ಸೇರಿದ ಕಿಹ್ನು ಎಂಬ ಪುಟ್ಟ ದ್ವೀಪವಿದೆ. ಬಾಲ್ಟಿಕ್ ಸಮುದ್ರದ ರೀಗಾ ಕೊಲ್ಲಿಯಲ್ಲಿರುವ ಆ ದ್ವೀಪದ ಜನಸಂಖ್ಯೆ ಕೆಲವು ನೂರು ಮಾತ್ರ. ಗಂಡಸರು ಮೀನುಗಾರಿಕೆಗೆಂದು ಕಡಲಿಗೆ ಹೋದರೆ ಊರು, ಹೊಲ, ಹಬ್ಬ ಎಲ್ಲವನ್ನೂ ಹೆಂಗಸರೇ ನಡೆಸುತ್ತ ಬಂದರು. ಅವರು ತಾವೇ ನೇಯ್ದ ಪಟ್ಟೆಪಟ್ಟೆಯ ಉಣ್ಣೆಯ ಲಂಗವನ್ನು ಇಂದಿಗೂ ಉಡುತ್ತಾರೆ. ಆ ಪಟ್ಟೆಗಳನ್ನು ಓದಲು ಬರುತ್ತದೆ. ಕೆಂಪು ಹೆಚ್ಚಿದ್ದರೆ ಸಂತೋಷದ ಕಾಲ. ಮನೆಯಲ್ಲಿ ಸಾವಾದರೆ ಕಪ್ಪು, ಕಡುನೀಲಿ. ದುಃಖ ಹಳತಾದಂತೆ ಕೆಂಪು ಗೆರೆಗಳು ಒಂದೊಂದಾಗಿ ಮರಳುತ್ತವೆ. ಮದುವೆಯಾದವಳು ಲಂಗದ ಮೇಲೆ ಮುಂಬಟ್ಟೆ ಕಟ್ಟುತ್ತಾಳೆ. ಯುನೆಸ್ಕೊ ಸಂಸ್ಥೆ 2003ರಲ್ಲಿ ಕಿಹ್ನುವಿನ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯೆಂದು ಸಾರಿತು. 2008ರಲ್ಲಿ ಅದು ಪರಂಪರೆಯ ಪಟ್ಟಿಗೆ ಸೇರಿತು.

ಅಲ್ಲಿ ಉಡುಗೆ ಉಳಿಯಲು ಸುತ್ತಲಿನ ಕಡಲೇ ನೆರವಾಯಿತು. ಭಾಷೆಯ ದ್ವೀಪಗಳಿಗೆ ಇಂತಹ ಕಡಲಿಲ್ಲ. ಒಂದು ಭಾಷೆಯ ಜನ ಇನ್ನೊಂದು ಭಾಷೆಯ ನಡುವೆ ನೆಲೆಸಿದ ಕಡೆಯನ್ನು ವಿದ್ವಾಂಸರು ಭಾಷಾದ್ವೀಪವೆಂದು ಕರೆಯುತ್ತಾರೆ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಇಂತಹ ದ್ವೀಪಗಳು ಹಲವಿವೆ: ನೇಕಾರರ ಕೇರಿ, ಕುರುಬರ ಹಟ್ಟಿ, ಲಿಂಗವಂತರ ಬೀದಿ, ಒಕ್ಕಲಿಗರ ಹಳ್ಳಿ. ಇವುಗಳ ಸುತ್ತ ನೀರಿಲ್ಲ. ಬಸ್ಸು, ಸಂತೆ, ಶಾಲೆ, ಸಿನಿಮಾ ಎಲ್ಲವೂ ದಿನವೂ ಒಳಗೆ ಬರುತ್ತವೆ. ಆದುದರಿಂದ ಇಲ್ಲಿ ದಿನನಿತ್ಯದ ಉಡುಗೆ ಬಹುಬೇಗ ನೆರೆಯವರ ಉಡುಗೆಯೊಡನೆ ಬೆರೆತುಹೋಯಿತು. ಉಳಿದದ್ದು ಮೂರು ಕಡೆ: ಕಲ್ಲಿನಲ್ಲಿ, ಮಗ್ಗದಲ್ಲಿ, ದೇವರ ಮುಂದೆ.

ಕಲ್ಲಿನ ಉಡುಗೆ

ಕನ್ನಡ ಈ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಧರ್ಮಪುರಿಯ ಹಳೆಯ ಹೆಸರು ತಗಡೂರು. ಸಂಗಮ ಕಾಲದಲ್ಲಿ ಅದು ಅದಿಯಮಾನರ ರಾಜಧಾನಿ. ಒಂಬತ್ತನೆಯ ಶತಮಾನಕ್ಕೆ ನೊಳಂಬರ ಕೈಸೇರಿತ್ತು. ನೊಳಂಬ ಮಹೇಂದ್ರನ ಕಾಲದ, ಕ್ರಿ.ಶ. 893ರ ಕನ್ನಡ ಶಾಸನವೊಂದು ಧರ್ಮಪುರಿಯಲ್ಲಿ ಸಿಕ್ಕಿದೆ. ನಿಧಿಯಣ್ಣ, ಚಂಡಿಯಣ್ಣ ಎಂಬ ಸೋದರರು ಅಲ್ಲಿ ಬಸದಿಯನ್ನು ಕಟ್ಟಿಸಿದುದನ್ನೂ ಅದಕ್ಕೆ ದತ್ತಿ ದೊರೆತುದನ್ನೂ ಅದು ಹೇಳುತ್ತದೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥ ಇದೇ ಸೀಮೆಯ ಕುಂದಾಣಿಯಿಂದ ಆಳಿದ. ಹದಿನೇಳನೆಯ ಶತಮಾನದ ಕೊನೆಗೆ ಮೈಸೂರಿನ ಚಿಕ್ಕದೇವರಾಜ ಒಡೆಯರು ಈ ಬಾರಾಮಹಲ್ ಸೀಮೆಯನ್ನು ಗೆದ್ದರು. 1792ರಲ್ಲಿ ಟಿಪ್ಪು ಸುಲ್ತಾನ ಇದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಬಳಿಕ ಸೇಲಂ ಜಿಲ್ಲೆಯ ಭಾಗವಾಗಿದ್ದ ಧರ್ಮಪುರಿ 1965ರಲ್ಲಿ ಬೇರೆ ಜಿಲ್ಲೆಯಾಯಿತು.

ಈ ಸೀಮೆಯ ಜನ ಹಿಂದೆ ಏನು ಉಡುತ್ತಿದ್ದರೆಂಬುದಕ್ಕೆ ಎಲ್ಲಕ್ಕಿಂತ ಹಳೆಯ ಸಾಕ್ಷಿ ವೀರಗಲ್ಲುಗಳದು. ತಮಿಳಿನಲ್ಲಿ ಇವು ‘ನಡುಕಲ್’, ಅಂದರೆ ನೆಟ್ಟ ಕಲ್ಲು. ಧರ್ಮಪುರಿ ಮತ್ತು ಚೆಂಗಂ ಸೀಮೆಗಳು ಇವುಗಳಿಗೆ ಹೆಸರಾದವು. ಪಲ್ಲವರ ಕಾಲದಿಂದ ನೆಡುತ್ತ ಬಂದ ಈ ಕಲ್ಲುಗಳನ್ನು ತಮಿಳುನಾಡಿನ ಪುರಾತತ್ವ ಇಲಾಖೆ 1970ರ ದಶಕದಲ್ಲಿ ಆರ್. ನಾಗಸ್ವಾಮಿಯವರ ನೇತೃತ್ವದಲ್ಲಿ ಹುಡುಕಿ ದಾಖಲಿಸಿತು. ಧರ್ಮಪುರಿ ಪಟ್ಟಣದ ಸಂಗ್ರಹಾಲಯದಲ್ಲಿ ಹಲವನ್ನು ಸಾಲಾಗಿ ನಿಲ್ಲಿಸಿದ್ದಾರೆ. ದನಗಳನ್ನು ಹಿಡಿದೊಯ್ಯಲು ಬಂದವರೊಡನೆ ಕಾದಿ ಮಡಿದವನ ರೂಪ ಅವುಗಳಲ್ಲಿದೆ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕತ್ತಿ; ಕೂದಲನ್ನು ಗಂಟುಕಟ್ಟಿದ್ದಾನೆ; ಮೈಮೇಲೆ ಅಂಗಿಯಿಲ್ಲ; ಸೊಂಟಕ್ಕೆ ತೊಡೆಯ ಮಟ್ಟದ ಬಟ್ಟೆಯನ್ನು ಬಿಗಿದು ಸುತ್ತಿದ್ದಾನೆ. ಓಡಲೂ ಹೋರಾಡಲೂ ಅಡ್ಡಿಯಾಗದ ಉಡುಗೆ ಅದು. ಹೊಲದಲ್ಲಿ ಪಂಚೆಯನ್ನು ಮೇಲೆ ಕಟ್ಟಿಕೊಂಡು ನೀರು ಹಾಯಿಸುವ ರೈತನನ್ನು ಕಂಡವರಿಗೆ ಆ ಕಲ್ಲಿನ ಮನುಷ್ಯ ಅಪರಿಚಿತನೆನಿಸುವುದಿಲ್ಲ.

ಹೊಲಿಗೆಯಿಲ್ಲದ ಒಂದೇ ಬಟ್ಟೆಯನ್ನು ಮೈಗೆ ಸುತ್ತಿಕೊಳ್ಳುವುದು ದಕ್ಷಿಣದ ಎಲ್ಲ ಜನರ ಹಳೆಯ ರೂಢಿ. ವ್ಯತ್ಯಾಸವೆಲ್ಲ ಸುತ್ತುವ ಬಗೆಯಲ್ಲಿ. ತಮಿಳುನಾಡಿನ ಹಳ್ಳಿಗಳಲ್ಲಿ ಹಿಂದಿನ ಹೆಂಗಸರು ಸೀರೆಯ ನೆರಿಗೆಯನ್ನು ಬೆನ್ನ ಕಡೆಗೆ ತರುತ್ತಿದ್ದರು. ಬಾಗಿ ನಾಟಿ ಮಾಡುವವರಿಗೆ, ಕಳೆ ಕೀಳುವವರಿಗೆ ಅದು ಅನುಕೂಲ. ಕೊಡಗಿನ ಹೆಂಗಸರು ಇಂದಿಗೂ ನೆರಿಗೆಯನ್ನು ಹಿಂದಕ್ಕೇ ಇಡುತ್ತಾರೆ. ಬಯಲುಸೀಮೆಯ ಕನ್ನಡ ಹೆಂಗಸರಲ್ಲಿ ಕಚ್ಚೆ ಹಾಕಿ ಉಡುವ ರೂಢಿಯಿತ್ತು. ಮುಂದೆ ನೆರಿಗೆ, ಎಡಹೆಗಲ ಮೇಲೆ ಸೆರಗು ಎಂಬ ಈಗಿನ ಕ್ರಮ ಇಪ್ಪತ್ತನೆಯ ಶತಮಾನದಲ್ಲಿ ಎಲ್ಲೆಡೆ ಹರಡಿ ಈ ಎಲ್ಲ ಭೇದಗಳನ್ನೂ ಅಳಿಸುತ್ತ ಬಂತು.

ಮಗ್ಗದ ಕನ್ನಡ

ಕಂಬೈನಲ್ಲೂರಿನಿಂದ ದಕ್ಷಿಣಕ್ಕೆ ಸೇಲಂ ತಲುಪಿದರೆ ಬಟ್ಟೆಯ ದಾರಿ ಮಗ್ಗದ ಮುಂದೆ ನಿಲ್ಲುತ್ತದೆ. ಸೇಲಂ ನಗರದ ಹಳೆಯ ಕೇರಿಗಳಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಕನ್ನಡ ಮನೆಮಾತಿನ ದೇವಾಂಗ ನೇಕಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ತೆಲುಗು ಮನೆಮಾತಿನ ದೇವಾಂಗರೂ ಇದ್ದಾರೆ. ವಿಜಯನಗರದ ಕಾಲದಲ್ಲಿಯೂ ಅದರ ಬಳಿಕವೂ ಉತ್ತರದಿಂದ ತಂಡತಂಡವಾಗಿ ತಮಿಳು ಸೀಮೆಗೆ ಇಳಿದು ಬಂದವರು ಇವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಓದುಬರಹವೆಲ್ಲ ಹೆಚ್ಚಿನವರಿಗೆ ತಮಿಳಿನಲ್ಲಿಯೇ. ಕನ್ನಡವನ್ನು ಸರಾಗವಾಗಿ ಆಡಿ, ಕನ್ನಡ ಅಕ್ಷರವನ್ನು ಗುರುತಿಸಲಾರದ ಹಿರಿಯರು ಅಲ್ಲಿ ಅನೇಕರು.

ಅವರ ಕುಲದ ಕಥೆಯೇ ಬಟ್ಟೆಯ ಕಥೆ. ಲೋಕದ ಜನ ಉಡಲು ಬಟ್ಟೆಯಿಲ್ಲದೆ ಇದ್ದಾಗ ಶಿವನು ದೇವಲ ಮಹರ್ಷಿಯನ್ನು ಸೃಷ್ಟಿಸಿದನಂತೆ. ದೇವಲನು ವಿಷ್ಣುವಿನ ನಾಭಿಕಮಲದ ನಾಳದಿಂದ ನೂಲನ್ನು ಪಡೆದು ಮರಳುವಾಗ ರಕ್ಕಸರು ಅಡ್ಡಗಟ್ಟಿದರು. ಅವನ ಮೊರೆ ಕೇಳಿ ಅಮಾವಾಸ್ಯೆಯ ಇರುಳು ದೇವಿ ಚೌಡೇಶ್ವರಿಯಾಗಿ ಬಂದು ಅವರನ್ನು ಕೊಂದಳು. ಹರಿದ ರಕ್ತ ಕಪ್ಪು, ಬಿಳಿ, ಕೆಂಪು, ಹಸುರು, ಹಳದಿ ಎಂದು ಐದು ಬಣ್ಣವಾಗಿತ್ತು. ದೇವಲನು ನೂಲನ್ನು ಅದರಲ್ಲಿ ಅದ್ದಿ ಬಣ್ಣ ಕಟ್ಟಿದ. ನೂಲಿಗೆ ಬಣ್ಣ ಹಾಕುವ ದಿನನಿತ್ಯದ ಕೆಲಸಕ್ಕೆ ಇಷ್ಟು ದೊಡ್ಡ ಯುದ್ಧವನ್ನು ಹಿನ್ನೆಲೆಯಾಗಿ ಇಟ್ಟ ಕಥೆ ಇದು.

ತಮಿಳುನಾಡಿನ ದೇವಾಂಗರ ಚೌಡೇಶ್ವರಿ ಉತ್ಸವದಲ್ಲಿ ‘ಅಲಗುಸೇವೆ’ ಮುಖ್ಯವಾದದ್ದು. ವೀರಕುಮಾರರೆಂದು ಕರೆಯುವ ಗಂಡಸರು ಕಲಶದ ಮುಂದೆ ಅಲಗಿನಿಂದ ಎದೆ, ತೋಳುಗಳಿಗೆ ಹೊಡೆದುಕೊಳ್ಳುತ್ತ ತಾಯಿಯನ್ನು ಕರೆಯುತ್ತ ಸಾಗುತ್ತಾರೆ. ಗಾಯಕ್ಕೆ ಅರಿಶಿನದ ಭಂಡಾರವನ್ನು ಮೆತ್ತುತ್ತಾರೆ. ಆ ದಿನ ಅಂಗಿ ಕಳಚುತ್ತದೆ, ಪಂಚೆಯನ್ನು ಬಿಗಿದು ಉಡುತ್ತಾರೆ. ವರ್ಷದ ಉಳಿದ ದಿನ ಬ್ಯಾಂಕಿನಲ್ಲಿಯೋ ಕಾರ್ಖಾನೆಯಲ್ಲಿಯೋ ಪ್ಯಾಂಟು ತೊಟ್ಟು ದುಡಿಯುವ ಯುವಕನೂ ಆ ಒಂದು ದಿನ ವೀರಗಲ್ಲಿನ ಮನುಷ್ಯನಂತೆ ಕಾಣುತ್ತಾನೆ.

ಸೇಲಂ ಪೇಟೆಯ ಹೆಸರನ್ನು ಹೊರಗೆ ಹರಡಿದ ಬಟ್ಟೆ ಬಿಳಿಯ ರೇಷ್ಮೆ. ‘ಸೇಲಂ ವೆಣ್‌ಪಟ್ಟು’ ಎಂದು ಭೌಗೋಳಿಕ ಗುರುತು ಪಡೆದ ಈ ಬಟ್ಟೆ ಪಂಚೆ ಮತ್ತು ಅಂಗವಸ್ತ್ರಗಳಾಗಿ ಮದುವೆ ಮನೆಗಳನ್ನು ಸೇರುತ್ತದೆ. ಸೀರೆಯಲ್ಲಿ ನೇಕಾರ ತನ್ನ ಜಾಣ್ಮೆಯನ್ನು ಒಡಲು, ಅಂಚು, ಸೆರಗು ಮೂರರಲ್ಲಿಯೂ ತೋರಬಹುದು. ಬಿಳಿಯ ಪಂಚೆಯಲ್ಲಿ ತೋರಲು ಅಂಚೊಂದೇ ಇದೆ. ಉಳಿದದ್ದೆಲ್ಲ ಬರಿಯ ಬಿಳುಪು. ಒಂದು ಎಳೆ ಸಡಿಲವಾದರೂ, ಕೈಯ ಕೊಳೆ ತಾಗಿದರೂ ಅದು ಬಯಲಾಗುತ್ತದೆ. ಧಾರೆಯ ಮುಹೂರ್ತದಲ್ಲಿ ವರನು ಉಡುವ ಆ ಪಂಚೆ ಕನ್ನಡ ಮನೆಗೂ ತಮಿಳು ಮನೆಗೂ ಸಮಾನ. ಧರ್ಮಪುರಿ ಜಿಲ್ಲೆಯ ರೈತರು ಹಿಪ್ಪುನೇರಳೆ ಬೆಳೆದು ರೇಷ್ಮೆಗೂಡು ಕಟ್ಟಿಸುತ್ತಾರೆ. ಧರ್ಮಪುರಿಯಲ್ಲಿ ಗೂಡಿನ ದೊಡ್ಡ ಮಾರುಕಟ್ಟೆಯಿದೆ. ಗಡಿಯ ಈಚೆಗೂ ಆಚೆಗೂ ಗೂಡು, ನೂಲು, ಬಟ್ಟೆ ಓಡಾಡುತ್ತಲೇ ಇರುತ್ತವೆ.

ಮಗ್ಗದ ಮುಂದೆ ಕುಳಿತವನ ಭಾಷೆಯನ್ನು ಕೇಳಬೇಕು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಕಾಲುಮಣೆಗಳನ್ನು ತುಳಿಯುತ್ತ ನೇಯುವುದು ಗುಂಡಿಮಗ್ಗ. ಮಣ್ಣಿನ ತಂಪಿಗೆ ನೂಲು ಬೇಗ ತುಂಡಾಗುವುದಿಲ್ಲ. ಉದ್ದಕ್ಕೆ ಹರಡಿದ ಎಳೆ ಹಾಸು. ಅಡ್ಡಕ್ಕೆ ನುಗ್ಗುವ ಎಳೆ ಹೊಕ್ಕು. ಹೊಕ್ಕನ್ನು ಹೊತ್ತು ಓಡುವುದು ಲಾಳಿ. ಲಾಳಿಯ ಹೊಟ್ಟೆಯಲ್ಲಿರುವುದು ಕಂಡಿಕೆ. ತಮಿಳಿನಲ್ಲಿ ಹಾಸಿಗೆ ‘ಪಾವು’, ಹೊಕ್ಕಿಗೆ ‘ಊಡೈ’, ಮಗ್ಗಕ್ಕೆ ‘ತರಿ’ ಎನ್ನುತ್ತಾರೆ. ನೂಲು ಎರಡು ಭಾಷೆಗೂ ನೂಲೇ, ನೇಯುವುದು ಎರಡು ಭಾಷೆಗೂ ನೇಯುವುದೇ. ಹಾಸುವುದರಿಂದ ಹಾಸು, ಹೊಗುವುದರಿಂದ ಹೊಕ್ಕು: ಮಗು ಕೂಡ ಬಿಡಿಸಿ ಹೇಳಬಹುದಾದ ಕನ್ನಡ ಅದು. ಒಂದು ವಿಷಯ ಇನ್ನೊಂದರಲ್ಲಿ ಬೆರೆತಿದ್ದರೆ ‘ಹಾಸುಹೊಕ್ಕಾಗಿದೆ’ ಎಂದು ಪಠ್ಯಪುಸ್ತಕದಲ್ಲಿ ಓದುವ ಮಕ್ಕಳು ಆ ಮಾತು ಮಗ್ಗದಿಂದ ಎದ್ದು ಬಂದದ್ದೆಂದು ತಿಳಿಯದೆಯೇ ಪರೀಕ್ಷೆ ಬರೆಯುತ್ತಾರೆ. ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯನು ನೇಕಾರನೆಂಬುದನ್ನು ಓದಿದವರಿಗೂ ಅವನು ಕುಳಿತಿದ್ದ ಗುಂಡಿ ಕಣ್ಣಿಗೆ ಕಟ್ಟುವುದು ಅಪರೂಪ.

ಲಾಳಿಯನ್ನು ಕೈಯಿಂದ ಕೈಗೆ ಎಸೆಯುವುದು ಹಳೆಯ ಕ್ರಮ. ಹಗ್ಗ ಎಳೆದರೆ ತಾನೇ ಓಡುವ ಲಾಳಿಯನ್ನು ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಕಂಡುಹಿಡಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸು ಸರ್ಕಾರದ ಅಧಿಕಾರಿ ಆಲ್ಫ್ರೆಡ್ ಚಾಟರ್ಟನ್ ಅದನ್ನು ಪ್ರಯೋಗಿಸಲು ಸೇಲಂನಲ್ಲಿ ನೇಯ್ಗೆಯ ಕಾರ್ಖಾನೆಯೊಂದನ್ನು ತೆರೆದರು. ಕೆಲಸ ವೇಗವಾಯಿತಾದರೂ ಗಂಟೆ ಬಾರಿಸಿದಾಗ ಬಂದು ಗಂಟೆ ಬಾರಿಸಿದಾಗ ಹೋಗುವ ಕ್ರಮ ನೇಕಾರರಿಗೆ ಹಿಡಿಸಲಿಲ್ಲ. ಮನೆಯಲ್ಲಿ ಹೆಂಡತಿ ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಾಳೆ, ಮುದುಕರು ನೂಲು ಬಿಡಿಸುತ್ತಾರೆ, ಮಕ್ಕಳು ಸುತ್ತ ಆಡುತ್ತಾರೆ. ಮಗ್ಗವೆಂದರೆ ಮನೆಯೇ ಆಗಿದ್ದವರಿಗೆ ಕಾರ್ಖಾನೆ ಪರಸ್ಥಳವಾಯಿತು. ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು. ಕಾರ್ಖಾನೆ ಮುಚ್ಚಿತು; ಓಡುವ ಲಾಳಿ ಮಾತ್ರ ನಿಧಾನವಾಗಿ ಮನೆಮಗ್ಗಗಳನ್ನು ಸೇರಿಕೊಂಡಿತು. ಮನೆಯಲ್ಲಿಯೇ ಉಳಿದ ಮಗ್ಗ ಕನ್ನಡವನ್ನೂ ಮನೆಯಲ್ಲಿ ಉಳಿಸಿತು. ಹಾಸು ಹರಡುವಾಗ ಇಡೀ ಕುಟುಂಬ ಸೇರಿ ಆಡುವ ಮಾತಿಗೆ ಬೇರೆ ಭಾಷೆ ಬೇಕಾಗಲಿಲ್ಲ.

ಕರಿಯ ಕಂಬಳಿ

ರೇಷ್ಮೆ ಮದುವೆಯ ದಿನದ ಬಟ್ಟೆಯಾದರೆ ಕಂಬಳಿ ಮಳೆ, ಚಳಿ, ದಣಿವಿನ ಬಟ್ಟೆ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಕುರುಬರು ಕನ್ನಡದ ಒಂದು ಬಗೆಯನ್ನು ಆಡುತ್ತಾರೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಕುರುಬರು ಉಣ್ಣೆಯಿಂದ ಒರಟು ಕಂಬಳಿ ನೇಯುವುದನ್ನು ಬರೆದಿಟ್ಟಿದ್ದಾರೆ. ಕಂಬಳಿ ಒಂದೇ, ಉಪಯೋಗ ಹಲವು: ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಮಡಿಸಿ ತಲೆಗೇರಿಸಿದರೆ ಮಳೆಗೆ ಕೊಪ್ಪೆ. ಮಡಿಸಿ ಹಾಸಿ ಪೂಜಿಸಿದರೆ ಅದೇ ಗದ್ದುಗೆ. ಮದುವೆಯಲ್ಲಿಯೂ ದೇವರ ಕಾರ್ಯದಲ್ಲಿಯೂ ಕರಿಯ ಕಂಬಳಿಯ ಗದ್ದುಗೆಯಿಲ್ಲದೆ ಶಾಸ್ತ್ರ ಮುಂದೆ ಸಾಗದು.

ಸೇಲಂ ಜಿಲ್ಲೆಯ ಮೇಚೇರಿಯ ಹೆಸರನ್ನು ಹೊತ್ತ, ಈ ಸೀಮೆಯಲ್ಲೆಲ್ಲ ಸಾಕುವ ಮೇಚೇರಿ ಕುರಿ ಉಣ್ಣೆ ಕೊಡುವುದಿಲ್ಲ; ಅದನ್ನು ಮಾಂಸಕ್ಕೂ ಚರ್ಮಕ್ಕೂ ಸಾಕುತ್ತಾರೆ. ಕಂಬಳಿಗೆ ಬೇಕಾದ ಕರಿಯ ಉಣ್ಣೆ ಬೇರೆ ತಳಿಯ ಕುರಿಗಳಿಂದಲೇ ಬರಬೇಕು. ಕುರಿಯ ತಳಿ ಬದಲಾದಂತೆ ಕಂಬಳಿ ನೇಯುವ ಕೈಗಳೂ ಕಡಿಮೆಯಾದವು. ಆದರೂ ಗದ್ದುಗೆಯ ಕಂಬಳಿಗೆ ಬದಲಾಗಿ ಯಾರೂ ಕೃತಕ ನೂಲಿನ ಹೊದಿಕೆಯನ್ನು ಹಾಸುವುದಿಲ್ಲ. ಮೈಮೇಲಿನಿಂದ ಇಳಿದ ಉಡುಗೆ ದೇವರ ಮುಂದೆ ಉಳಿದಿದೆ.

ಬೆಟ್ಟದ ನಡುವಿನ ದ್ವೀಪ

ಕಂಬೈನಲ್ಲೂರಿನಿಂದ ಹರೂರು ದಾರಿಯಾಗಿ ದಕ್ಷಿಣ-ಪೂರ್ವಕ್ಕೆ ಸಾಗಿದರೆ ಕಲ್ರಾಯನ್ ಮತ್ತು ಸಿತ್ತೇರಿ ಬೆಟ್ಟಗಳ ನಡುವೆ ಸಿತ್ತಿಲಿಂಗಿ ಎಂಬ ಕಣಿವೆಯಿದೆ. ಅಲ್ಲಿನ ಲಂಬಾಣಿ ತಾಂಡಾಗಳ ಕಥೆ ಕನ್ನಡ ಮನೆಗಳವರೂ ಕೇಳಬೇಕಾದದ್ದು. ಲಂಬಾಣಿ ಹೆಂಗಸರ ಉಡುಗೆಯನ್ನು ಕರ್ನಾಟಕದವರು ಬಲ್ಲರು: ಅಗಲವಾದ ಫೇಟಿಯಾ, ಕನ್ನಡಿ ಕೂರಿಸಿದ ಕಾಂಚಳಿ, ತಲೆಯ ಮೇಲಿನ ಮುಸುಕು, ಮೈತುಂಬ ಕಸೂತಿ. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ದೊರೆತಿದೆ. ಸಿತ್ತಿಲಿಂಗಿಯಲ್ಲಿ ಆ ಉಡುಗೆ ದಿನಬಳಕೆಯಿಂದ ಮರೆಯಾಗಿತ್ತು. ಹೊಲಿಗೆಯನ್ನು ಬಲ್ಲವರು ಕೆಲವೇ ಹಿರಿಯ ಹೆಂಗಸರು ಉಳಿದಿದ್ದರು.

1993ರಲ್ಲಿ ಡಾ. ರೆಗಿ ಜಾರ್ಜ್ ಮತ್ತು ಡಾ. ಲಲಿತಾ ರೆಗಿ ದಂಪತಿ ಆ ಕಣಿವೆಯಲ್ಲಿ ಬುಡಕಟ್ಟು ಜನರಿಗಾಗಿ ಆರೋಗ್ಯಸೇವೆಯನ್ನು ಆರಂಭಿಸಿದರು. ಕಾಲಾನಂತರ ಡಾ. ಲಲಿತಾ ಅವರ ಪ್ರೋತ್ಸಾಹದಿಂದ ತಾಂಡಾದ ಹೆಂಗಸರು ಹಿರಿಯರ ಬಳಿ ಕುಳಿತು ಮರೆತ ಹೊಲಿಗೆಗಳನ್ನು ಮರಳಿ ಕಲಿತರು; ‘ಪೊರ್ಗೈ’ ಎಂಬ ಕುಶಲಕರ್ಮಿಗಳ ಸಂಘವನ್ನು ಕಟ್ಟಿದರು. ಲಂಬಾಣಿ ಮಾತಿನಲ್ಲಿ ಪೊರ್ಗೈ ಎಂದರೆ ಹೆಮ್ಮೆ. ಕಣಿವೆಯ ರೈತರು ಸಾವಯವ ಕ್ರಮದಲ್ಲಿ ಬೆಳೆದ ಹತ್ತಿಯ ಬಟ್ಟೆಯ ಮೇಲೆ ಅವರು ಕಸೂತಿ ಹಾಕುತ್ತಾರೆ. ಹಳೆಯ ಫೇಟಿಯಾವನ್ನು ದಿನವೂ ಉಡಬೇಕೆಂದು ಯಾರೂ ಯಾರನ್ನೂ ಬಲವಂತಪಡಿಸಲಿಲ್ಲ. ಹೊಲಿಗೆಗಳು ಕುರ್ತಾ, ಸೀರೆ, ಚೀಲಗಳ ಮೇಲೆ ಕುಳಿತವು. ಉಡುಗೆಯ ರೂಪ ಬದಲಾಯಿತು. ಹೊಲಿಗೆಯ ಹೆಸರು, ಅದನ್ನು ಹಾಕುವ ಕೈ, ಅದರಿಂದ ಬರುವ ಸಂಪಾದನೆ ಹೆಂಗಸರಲ್ಲಿ ಉಳಿಯಿತು.

ಗುಂಡಿಯಿಂದ ಎದ್ದು ಬರುವವರು

ಸೇಲಂ ಸೀಮೆಯ ಕೈಮಗ್ಗದ ಕಥೆ ಇಷ್ಟು ಸುಗಮವಾಗಿಲ್ಲ. ಕೇಂದ್ರ ಸರ್ಕಾರದ ಕೈಮಗ್ಗ ಗಣತಿಗಳ ಪ್ರಕಾರ ದೇಶದಲ್ಲಿ 1995-96ರಲ್ಲಿ ಸುಮಾರು 65 ಲಕ್ಷ ಮಂದಿ ಕೈಮಗ್ಗದ ಕೆಲಸದಲ್ಲಿದ್ದರು. 2009-10ರಲ್ಲಿ 43 ಲಕ್ಷ. 2019-20ರಲ್ಲಿ 35 ಲಕ್ಷ. ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಹೆಂಗಸರು. ಸೀರೆ, ಪಂಚೆ, ಅಂಗವಸ್ತ್ರ, ಲುಂಗಿ, ಜಮಖಾನ ಮುಂತಾದವುಗಳ ಕೆಲವು ಬಗೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾನೂನು 1985ರಲ್ಲಿ ಬಂತು. ಮೊದಲು 22 ಬಗೆಯ ಬಟ್ಟೆಗಳಿಗೆ ಇದ್ದ ಮೀಸಲು ಈಗ 11ಕ್ಕೆ ಇಳಿದಿದೆ. ಪೊಂಗಲ್ ಹಬ್ಬಕ್ಕೆ ಬಡವರಿಗೆ ಪಂಚೆ, ಸೀರೆ ಹಂಚುವ ಯೋಜನೆಯನ್ನು ತಮಿಳುನಾಡು ಸರ್ಕಾರ 1983ರಲ್ಲಿ ಆರಂಭಿಸಿತು. ನೇಕಾರರಿಗೆ ಕೆಲಸ ಕೊಡುವುದೂ ಅದರ ಉದ್ದೇಶ. ಅದರ ಲಾಭದಲ್ಲಿ ಈಗ ವಿದ್ಯುತ್ ಮಗ್ಗದವರೂ ಪಾಲುದಾರರು. ಒಂದು ಕೈಮಗ್ಗ ದಿನವಿಡೀ ನೇಯುವುದನ್ನು ವಿದ್ಯುತ್ ಮಗ್ಗ ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಅಂಗಡಿಯ ಬೆಳಕಿನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ಕೊಳ್ಳುವವರಿಗೆ ಕಾಣುವ ಭೇದ ಬೆಲೆಯದು ಮಾತ್ರ.

ಆದುದರಿಂದ ನೇಕಾರನ ಮಗಳೋ ಮಗನೋ ಗುಂಡಿಗೆ ಇಳಿಯಲು ಒಲ್ಲೆನೆಂದರೆ ಅದನ್ನು ಸಂಸ್ಕೃತಿಗೆ ಬಗೆದ ದ್ರೋಹವೆಂದು ಹೇಳುವುದು ನ್ಯಾಯವಲ್ಲ. ದಿನಕ್ಕೆ ಎಂಟು ಹತ್ತು ಗಂಟೆ ಬೆನ್ನು ಬಾಗಿಸಿ ಕುಳಿತವರ ಮಂಡಿ, ಸೊಂಟ, ಕಣ್ಣುಗಳಿಗೆ ಏನಾಗುತ್ತದೆಂದು ಆ ಮನೆಯ ಮಕ್ಕಳಿಗೆ ಗೊತ್ತು. ತನ್ನ ಮಗ ಓದಿ ಕುರ್ಚಿಯ ಮೇಲೆ ಕೂರಲೆಂದು ಹಾರೈಸಿದವನು ನೇಕಾರನೇ. ಅವನು ಮಕ್ಕಳನ್ನು ಶಾಲೆಗೆ ಕಳುಹಿಸಲು ನೇಯ್ದ ಬಟ್ಟೆಯೇ ಅವರನ್ನು ಮಗ್ಗದಿಂದ ದೂರ ಮಾಡಿತು. ಪರಂಪರೆಯನ್ನು ಹೊಗಳುವವರು ಮೊದಲು ಕೂಲಿಯನ್ನು ಕೇಳಬೇಕು.

ಹಾಗೆಂದು ಕಳೆದುಹೋಗುವುದು ಏನೂ ಇಲ್ಲವೆಂದೂ ಅಲ್ಲ. ಮಗ್ಗವನ್ನು ಕಳಚಿ ಮೂಲೆಗಿಟ್ಟ ಮನೆಯಲ್ಲಿ ಕಂಡಿಕೆ ಎಂಬ ಮಾತಿಗೆ ಕೆಲಸವಿಲ್ಲ. ಲಾಳಿಯನ್ನು ಕಾಣದ ಮಗುವಿಗೆ ‘ಲಾಳಿಯಂತೆ ಓಡಾಡಬೇಡ’ ಎಂದರೆ ಅರ್ಥವಾಗದು. ಕಿಹ್ನುವಿನ ಹೆಂಗಸು ಲಂಗದ ಪಟ್ಟೆಯನ್ನು ಓದುವಂತೆ, ಹಿಂದಿನ ಅಜ್ಜಿ ಸೀರೆಯ ಅಂಚನ್ನು ಬೆರಳಿನಿಂದ ಮುಟ್ಟಿ ಅದು ಯಾವ ಊರ ನೇಯ್ಗೆ, ಒಂಟಿ ಎಳೆಯೋ ಜೋಡಿ ಎಳೆಯೋ, ಸರಿಗೆ ಗಟ್ಟಿಯೋ ಹುಸಿಯೋ ಎಂದು ಹೇಳುತ್ತಿದ್ದಳು. ಆ ಓದು ಅವಳೊಡನೆ ಹೋಗುತ್ತಿದೆ. ಭಾಷಾದ್ವೀಪದಲ್ಲಿ ನಷ್ಟ ಇಮ್ಮಡಿ. ಕರ್ನಾಟಕದ ಇಳಕಲ್ಲಿನಲ್ಲಿ ಮಗ್ಗವೊಂದು ನಿಂತರೆ ಕಸುಬು ಹೋಗುತ್ತದೆ, ಬೀದಿಯಲ್ಲಿ ಕನ್ನಡ ಉಳಿಯುತ್ತದೆ. ಸೇಲಂನ ಕೇರಿಯಲ್ಲಿ ಮಗ್ಗ ನಿಂತರೆ ಕನ್ನಡಕ್ಕೆ ಮನೆಯೊಳಗೆ ಇದ್ದ ಒಂದು ಕೋಣೆಯೇ ಮುಚ್ಚಿದಂತಾಗುತ್ತದೆ.

ಶಾಲೆಗೊಂದು ಪಾಠ

ಇಲ್ಲಿ ಕನ್ನಡ ಶಾಲೆಗೂ ಅದರ ಮನೆಗಳಿಗೂ ಒಂದು ಕೆಲಸವಿದೆ. ಅದಕ್ಕೆ ಹಣ ಬೇಕಿಲ್ಲ. 1905ರ ಆಗಸ್ಟ್ 7ರಂದು ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿಗೆ ಕರೆ ಹೊರಟ ನೆನಪಿಗಾಗಿ 2015ರಿಂದ ಆ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತಾರೆ. ಅಂದು ಭಾಷಣ ಸ್ಪರ್ಧೆ ನಡೆಸುವ ಬದಲು ಮಕ್ಕಳು ಮನೆಯ ಹಿರಿಯರ ಪೆಟ್ಟಿಗೆಯನ್ನು ತೆರೆಸಲಿ. ಧಾರೆಯ ಸೀರೆ ಎಲ್ಲಿ ನೇಯ್ದದ್ದು, ಯಾರು ಕೊಟ್ಟರು, ಅಂಚಿನ ಬಣ್ಣಕ್ಕೆ ಏನೆನ್ನುತ್ತಿದ್ದರು, ಸೀರೆಯನ್ನು ಹಿಂದೆ ಹೇಗೆ ಉಡುತ್ತಿದ್ದರು ಎಂದು ಕೇಳಲಿ. ಕಂಬಳಿಯಿದ್ದರೆ ಅದನ್ನು ಯಾವ ದಿನ ಹಾಸುತ್ತಾರೆಂದು ಕೇಳಲಿ. ನೇಕಾರರ ಮನೆಯಾದರೆ ಮಗ್ಗದ ಒಂದೊಂದು ಭಾಗದ ಹೆಸರನ್ನೂ ಬರೆದುಕೊಳ್ಳಲಿ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ತಮಿಳು. ಅಕ್ಷರ ಬಾರದ ಅಜ್ಜನ ಮಾತು ಅಕ್ಷರ ಬಲ್ಲ ಮೊಮ್ಮಗಳ ಕೈಯಲ್ಲಿ ಮೊದಲ ಬಾರಿಗೆ ಕನ್ನಡ ಲಿಪಿಗೆ ಇಳಿಯುತ್ತದೆ. ಹಾಗೆ ಸಿಕ್ಕುವ ಮಾತುಗಳಲ್ಲಿ ಕೆಲವು ಯಾವ ನಿಘಂಟಿನಲ್ಲಿಯೂ ಇಲ್ಲದಿರಬಹುದು.

ಮಗ್ಗದಲ್ಲಿ ಒಂದು ಹಾಸು ಮುಗಿಯುತ್ತ ಬಂದಾಗ ನೇಕಾರರು ಅದನ್ನು ಪೂರ್ತಿಯಾಗಿ ಕಳಚಿಬಿಡುವುದಿಲ್ಲ. ಹಳೆಯ ಹಾಸಿನ ಎಳೆಗಳ ತುದಿಯನ್ನು ಮಗ್ಗದಲ್ಲಿಯೇ ಉಳಿಸಿ, ಹೊಸ ಹಾಸಿನ ಎಳೆಗಳನ್ನು ಅವಕ್ಕೆ ಒಂದೊಂದಾಗಿ ಬೆರಳಿನಲ್ಲಿ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎಂದು ಹೆಸರು. ಒಂದು ಸೀರೆಯ ಅಗಲಕ್ಕೆ ಸಾವಿರಾರು ಎಳೆಗಳು. ಹೆಚ್ಚಾಗಿ ಮನೆಯ ಹೆಂಗಸರು ಎದುರುಬದುರು ಕುಳಿತು, ಮಾತನಾಡುತ್ತ, ಗಂಟೆಗಟ್ಟಲೆ ಈ ಕೆಲಸವನ್ನು ಮಾಡುತ್ತಾರೆ. ಒಂದು ಎಳೆ ತಪ್ಪಿದರೂ ನೇಯ್ಗೆಯಲ್ಲಿ ಉದ್ದಕ್ಕೂ ಗೆರೆ ಬೀಳುತ್ತದೆ. ಎಲ್ಲ ಎಳೆಗಳೂ ಸೇರಿದ ಮೇಲೆ ಹಳೆಯ ತುದಿಯನ್ನು ಮೆಲ್ಲನೆ ಮುಂದಕ್ಕೆ ಎಳೆಯುತ್ತಾರೆ. ಅದರ ಹಿಂದೆಯೇ ಹೊಸ ಹಾಸು ಮಗ್ಗದೊಳಗೆ ಬರುತ್ತದೆ.